ಮಲಾವಿಗೆ ದುಡ್ಡು ಬೇಡ, ಮಾವನವರ ಮಾತ್ರೆ ನೋಡಿಕೊಳ್ಳಿ

ಕ್ರೈಸ್ತ ಸಭೆಯಿಂದ, ಅಂದರೆ ಚರ್ಚಿನಿಂದ, ಗಂಡಹೆಂಡತಿಯ ಒಂದು ಜೋಡಿಯನ್ನು ಹೊರದೇಶದ ಮಿಷನ್ ಸೇವೆಗೆ ಕಳಿಸುವುದೆಂದರೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕಳಿಸುವುದು ಎಂದೇ ಎಲ್ಲರ ಲೆಕ್ಕ. ನಾವು ಆ ಲೆಕ್ಕ ಬಿಟ್ಟು ಐದು ವರ್ಷದ ಹತ್ತಿರ ಬಂತು. ಬೆಟಗೇರಿಯ ನಮ್ಮ ಸಣ್ಣ ಸಭೆಯಿಂದ ಆಫ್ರಿಕಾದ ಮಲಾವಿಗೆ ಈಗ ಒಂದು ಪೈಸೆಯೂ ಹೋಗುವುದಿಲ್ಲ. ಅಲ್ಲಿಯ ಊಟ ನಾವೇ ದುಡಿದು ಉಣ್ಣುತ್ತೇವೆ. ಇಲ್ಲಿ ನಾವು ಬಿಟ್ಟು ಹೋದದ್ದನ್ನು ಸಭೆ ನೋಡಿಕೊಳ್ಳುತ್ತದೆ. ವಯಸ್ಸಾದ ಮಾವನವರು, ಓದುವ ಮಗಳು, ಮಳೆಗೆ ಸೋರುವ ಮನೆ, ಎಲ್‌ಐಸಿ ಕಂತು. ಪದ್ಧತಿ ಅಂದರೆ ಇಷ್ಟೇ.

ಇದನ್ನು ಮೊದಲು ಹೇಳಿದಾಗ ಸಭೆಯ ಕಮಿಟಿಯ ಹಿರಿಯರೊಬ್ಬರು ಎಲ್ಲರ ಮುಂದೆ, "ಇದು ಆರು ತಿಂಗಳು ನಡದ್ರ ನಾ ಮೀಸಿ ಬೋಳಿಸ್ತೀನಿ" ಅಂದಿದ್ದರು. ಮೀಸೆ ಇನ್ನೂ ಹಾಗೇ ಇದೆ. ಆದರೆ ಮಾವನವರನ್ನು ನೋಡಿಕೊಳ್ಳುವವರ ಸರದಿ ಪಟ್ಟಿಯಲ್ಲಿ ಗುರುವಾರದ ಮುಂದೆ ಅವರದೇ ಹೆಸರಿದೆ. ನನಗೆ ಅಷ್ಟು ಸಾಕು.

ಈ ಸಲ ರಜೆಗೆ ಬಂದಾಗ ಹಾವೇರಿ, ರಾಣೆಬೆನ್ನೂರು ಕಡೆಯ ಸಭೆಯವರು ಬಂದು ಕೇಳಿದರು, "ಅಕ್ಕಾರ, ಹೆಂಗ ಮಾಡಿದ್ರಿ ಬರದ್ ಕೊಡ್ರಿ" ಅಂತ. ಅದಕ್ಕೇ ಬರೆಯುತ್ತಿದ್ದೇನೆ. ಸೇವೆಗೆ ಕರೆ ಬಂದದ್ದು, ಬಿಷಪ್ಪರ ಪತ್ರ, ವೀಸಾ, ಇವೆಲ್ಲ ಹೋಗಿಬಂದವರಿಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ನಾನು ನರ್ಸ್. ಇವರು ಹುಬ್ಬಳ್ಳಿಯವರು, ಐಟಿಐ ಫಿಟ್ಟರ್, ವೆಲ್ಡಿಂಗೂ ಬರುತ್ತದೆ. ಮಾವನವರು ಗ್ಯಾರೇಜಿನಲ್ಲಿ ದುಡಿದವರು. ಪಿಂಚಣಿ ಇಲ್ಲ, ಶುಗರ್ ಇದೆ, ಬಿಪಿ ಇದೆ, ಹಟ ಎಲ್ಲಕ್ಕಿಂತ ಜಾಸ್ತಿ ಇದೆ. ನಾವಿರುವುದು ಮಲಾವಿಯ ದಕ್ಷಿಣಕ್ಕೆ, ಮುಲಾಂಜೆ ಬೆಟ್ಟದ ಕೆಳಗೆ, ಒಂದು ಮಿಷನ್ ಆಸ್ಪತ್ರೆಯಲ್ಲಿ. ಸುತ್ತ ಚಹಾ ತೋಟ. ಬೆಟ್ಟದ ತುದಿ ಮೂರು ಸಾವಿರ ಮೀಟರ್. ಜೂನ್, ಜುಲೈನಲ್ಲಿ ಚಿಪೆರೋನಿ ಅಂತ ಜಿಟಿಜಿಟಿ ಮಳೆ, ಮಂಜು ಬರುತ್ತದೆ. ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಗದಗಿನ ಬಿಸಿಲಲ್ಲಿ ಬೆಳೆದವಳಿಗೆ ಅದೇ ದೊಡ್ಡ ಶಿಕ್ಷೆ.

ಮೊದಲ ಸಲ 2016ರಲ್ಲಿ ಹೋದಾಗ ಎಲ್ಲರ ಹಾಗೇ ಹೋದೆವು. ದೊಡ್ಡ ಊರಿನ ದೊಡ್ಡ ಸಭೆಗಳು ತಿಂಗಳಿಗೆ ಇಷ್ಟು ಕೊಡುತ್ತೇವೆ ಅಂತ ಮಾತು ಕೊಟ್ಟಿದ್ದವು. ಮೊದಲ ಮೂರು ತಿಂಗಳು ಬಂತು. ಆಮೇಲೆ ಒಂದು ಕಡೆ ಕಟ್ಟಡದ ಫಂಡ್, ಇನ್ನೊಂದು ಕಡೆ ಕಮಿಟಿ ಬದಲಾಯಿತು. ಉಳಿದದ್ದು ಬೆಟಗೇರಿಯವರೇ. ಅವರು ಕಾಣಿಕೆ ಕೂಡಿಸಿ ಬ್ಯಾಂಕಿಗೆ ಹೋದರೆ, ಸಭೆಯ ಖಾತೆಯಿಂದ ಹೊರಗೆ ಕಳಿಸಲು ಆಗುವುದಿಲ್ಲ ಅಂದರು. ಎಲ್‌ಆರ್‌ಎಸ್ ಅನ್ನುವ, ಹೊರದೇಶಕ್ಕೆ ದುಡ್ಡು ಕಳಿಸುವ ರಿಸರ್ವ್ ಬ್ಯಾಂಕಿನ ವ್ಯವಸ್ಥೆ ವ್ಯಕ್ತಿಗಳಿಗೆ ಮಾತ್ರ, ಟ್ರಸ್ಟಿಗೆ, ಸಂಘಕ್ಕೆ ಅಲ್ಲ. ಸರಿ, ನನ್ನ ತಮ್ಮನ ಹೆಸರಲ್ಲಿ ಹಾಕಿ ಅವನು ಅಕ್ಕನಿಗೆ ಕಳಿಸುವುದು ಅಂತಾಯಿತು. ಹದಿನೈದು ಸಾವಿರ ಹೊರಟರೆ ಇಲ್ಲಿಯ ಬ್ಯಾಂಕಿನ ಚಾರ್ಜು, ನಡುವಿನ ಬ್ಯಾಂಕಿನವರದು ಇಪ್ಪತ್ತೋ ಇಪ್ಪತ್ತೈದೋ ಡಾಲರ್, ಅಲ್ಲಿ ಇಳಿಯುವಾಗ ಇನ್ನೊಂದಿಷ್ಟು. ಕೈಗೆ ಹನ್ನೆರಡು ಸಾವಿರದ ಬೆಲೆ ಬಂದರೆ ದೊಡ್ಡದು. ಅದಕ್ಕಿಂತ ಕೆಟ್ಟದ್ದೆಂದರೆ ವಾರ್ಷಿಕ ಸಭೆಯಲ್ಲಿ ಆಡಿಟ್‌ನವರು, ಸಭೆಯ ದುಡ್ಡು ಒಬ್ಬ ಹುಡುಗನ ಖಾತೆಗೆ ಯಾಕೆ ಹೋಗುತ್ತಿದೆ ಅಂತ ಕೇಳಿದರು. ತಮ್ಮ ಆವತ್ತಿನಿಂದ ಮುಖ ಗಂಟು ಹಾಕಿಕೊಂಡ. ಅವನದು ತಪ್ಪಲ್ಲ, ಅಲ್ವಾ?

ಆದರೂ ನಾವು 2018ರಲ್ಲಿ ಅರ್ಧಕ್ಕೇ ಎದ್ದು ಬಂದದ್ದು ದುಡ್ಡಿಗಾಗಿ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಊರಲ್ಲಿ ಬೇರೆ ಕಥೆ ಹಬ್ಬಿತ್ತು. ಮಾವನವರು ಬಚ್ಚಲಲ್ಲಿ ಬಿದ್ದರು. ಎರಡು ದಿನ ಯಾರಿಗೂ ಹೇಳಲಿಲ್ಲ. ಎಲ್‌ಐಸಿ ಕಂತು ತಪ್ಪಿ ಪಾಲಿಸಿ ನಿಂತುಹೋಗಿತ್ತು. ಮಗಳು ಫೋನಲ್ಲಿ ಮಾತಾಡುವುದನ್ನೇ ಬಿಟ್ಟಿದ್ದಳು. ನಾನು ರಾತ್ರಿ ಡ್ಯೂಟಿಯಲ್ಲಿ ಮಲೇರಿಯಾ ಮಕ್ಕಳಿಗೆ ಡ್ರಿಪ್ ಹಾಕುತ್ತಾ ತಲೆಯೆಲ್ಲ ಹುಬ್ಬಳ್ಳಿಯಲ್ಲಿ. ಇಬ್ಬರ ಟಿಕೆಟ್ ಅಡಿಸ್ ಅಬಾಬಾ ಮೇಲಿಂದ ಮುಂಬೈಗೆ ಲಕ್ಷದ ಹತ್ತಿರ ಆಯಿತು. ಏಳೆಂಟು ತಿಂಗಳ ಕಾಣಿಕೆ ಒಂದೇ ಏಟಿಗೆ ಹೋಯಿತು.

ಬೇರೆ ಜೋಡಿಗಳನ್ನೂ ಕೇಳಿ ನೋಡಿದೆ. ಊಟಕ್ಕಿಲ್ಲದೆ ತಿರುಗಿ ಬಂದವರು ಕಡಿಮೆ. ತಂದೆತಾಯಿ, ಮಕ್ಕಳ ಶಾಲೆ, ಮನೆ ಜಗಳ, ಇವುಗಳಿಂದ ಬಂದವರೇ ಜಾಸ್ತಿ. ಹಾಗಾದರೆ ದುಡ್ಡನ್ನು ಏಳು ಸಮುದ್ರ ದಾಟಿಸುವುದೇಕೆ? ರೋಗ ಇಲ್ಲಿ, ಔಷಧ ಅಲ್ಲಿಗೆ ಕಳಿಸಿದ ಹಾಗಾಯಿತು. ಇದನ್ನು ಕಮಿಟಿಯಲ್ಲಿ ಹೇಳಿದಾಗಲೇ ಮೀಸೆಯ ಮಾತು ಬಂದದ್ದು. "ಕಾಣಿಕಿ ಅಂದ್ರ ಕಾಣಿಕಿ. ನಿಮ್ಮ ಮಾವನ ಮಾತ್ರಿಗೆ ಸಭೆಯವರು ಯಾಕ ಕೊಡಬೇಕು?" ಅಂದರು ಇನ್ನೊಬ್ಬರು. ಆಗ ಇವರು ಎದ್ದು ಅಪೊಸ್ತಲರ ಕೃತ್ಯಗಳ ಹದಿನೆಂಟನೇ ಅಧ್ಯಾಯ ತೆಗೆದರು. ಅಕ್ವಿಲ, ಪ್ರಿಸ್ಕಿಲ್ಲ, ಗಂಡಹೆಂಡತಿ ಇಬ್ಬರೂ ಗುಡಾರ ಹೊಲಿಯುವವರು, ಪೌಲನೂ ಅವರ ಜೊತೆ ಕೂತು ಹೊಲಿದ. ನಮ್ಮ ಊಟ ನಾವು ನೋಡಿಕೊಳ್ಳುತ್ತೇವೆ, ನೀವು ನಮ್ಮ ಬೆನ್ನ ಹಿಂದಿನದನ್ನು ನೋಡಿ ಅಂದರು. ಸಭಾಪಾಲಕರು ಸುಮ್ಮನೆ ತಲೆಯಾಡಿಸಿದರು. ಒಂದು ವರ್ಷ ನೋಡೋಣ ಅಂತ ಠರಾವಾಯಿತು.

ಹೊರಡುವ ಮೊದಲು ಒಂದು ಕೆಲಸ ಮಾಡಿದೆವು. ಇದನ್ನು ಯಾರೇ ಹೊರಟರೂ ಮಾಡಲೇಬೇಕು. ಹಾನಗಲ್ಲಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಎರಡು ಮೂರು ತಿಂಗಳು ಅಲ್ಲೇ ಇದ್ದೆವು. ಹಾನಗಲ್ಲನ್ನೇ ಮಲಾವಿ ಅಂತ ಮಾಡಿಕೊಂಡೆವು. ಹುಬ್ಬಳ್ಳಿಗೆ ಎರಡು ತಾಸಿನ ದಾರಿ, ಆದರೂ ಹೋಗಬಾರದು. ವಾರಕ್ಕೊಮ್ಮೆ ಮಾತ್ರ ಫೋನು. ನೆಂಟರೆಲ್ಲ ಹುಚ್ಚು ಹಿಡಿದಿದೆ ಅಂದರು. ತೂತುಗಳೆಲ್ಲ ಕಂಡದ್ದು ಅಲ್ಲೇ.

ಮೊದಲನೇ ತೂತು ಗ್ಯಾಸ್. ಸಿಲಿಂಡರ್ ತಂದವನು ಒಟಿಪಿ ಕೇಳುತ್ತಾನೆ. ಅದು ಇವರ ಮೊಬೈಲಿಗೆ ಬರುತ್ತದೆ. ಮಾವನವರು ಬಾಗಿಲಲ್ಲಿ, ಸಿಲಿಂಡರ್ ಗೇಟಲ್ಲಿ, ಒಟಿಪಿ ಹಾನಗಲ್ಲಿನಲ್ಲಿ. ಮಲಾವಿಯಲ್ಲಿ ಇದಾಗಿದ್ದರೆ ಅಜ್ಜನಿಗೆ ಅವತ್ತು ಉಪವಾಸವೇ. ಗ್ಯಾಸಿನ ನಂಬರು, ಕರೆಂಟ್ ಬಿಲ್ಲಿನ ನಂಬರು, ದವಾಖಾನೆಯ ನಂಬರು, ಎಲ್ಲ ನಾದಿನಿಯ ಮೊಬೈಲಿಗೆ ಬದಲಿಸಿದೆವು. ಬ್ಯಾಂಕಿನ ಖಾತೆಯನ್ನು ಹೊರದೇಶದಲ್ಲಿ ಇರುವವರ ಖಾತೆ, ಅಂದರೆ ಎನ್‌ಆರ್‌ಒ ಮಾಡಿಸಿಕೊಂಡೇ ಹೋಗಿ, ಆಮೇಲೆ ಅಲ್ಲಿಂದ ಓಡಾಡುವುದು ಕಷ್ಟ.

ಎರಡನೆಯದು ವಾಟ್ಸಾಪ್ ಗುಂಪು. "ಇವತ್ತು ಅಜ್ಜಾರ ಮನಿಗೆ ಯಾರು ಹೊಕ್ಕೀರಿ?" ಅಂತ ಹಾಕಿದರೆ ಮೂವತ್ತು ಜನ ಆಮೆನ್ ಅಂತ ಹಾಕುತ್ತಾರೆ, ಕೈಮುಗಿದ ಚಿತ್ರ ಹಾಕುತ್ತಾರೆ. ಹೋಗುವವರು ಯಾರೂ ಇಲ್ಲ. ಎಲ್ಲರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ. ಗುಂಪನ್ನು ಮುಚ್ಚಿದೆವು. ದಿನಕ್ಕೊಂದು ಹೆಸರು ಬರೆದ ಹಾಳೆಯನ್ನು ಗುಡಿಯ ಬಾಗಿಲ ಒಳಗೆ ಅಂಟಿಸಿದೆವು. ಭಾನುವಾರ ಎಲ್ಲರೂ ಅದರ ಮುಂದೆಯೇ ಚಪ್ಪಲಿ ಬಿಡಬೇಕು. ಬೆಟಗೇರಿಯಿಂದ ಹುಬ್ಬಳ್ಳಿಗೆ ದಿನಾ ಹೋಗಲು ಆಗದು ಅಂತ ಮಾವನವರನ್ನೇ ಬೆಟಗೇರಿಗೆ ಕರೆತಂದೆವು. ಅದಕ್ಕೊಂದು ದೊಡ್ಡ ರಾಮಾಯಣವೇ ಆಯಿತು, ಹೋಗಲಿ.

ಈ ಎಲ್ಲದರ ಜೀವ ಒಂದು ಹಸಿರು ರಟ್ಟಿನ ನೋಟ್‌ಬುಕ್. ಮಾವನವರ ಮಂಚದ ತಲೆಗೆ ದಾರ ಕಟ್ಟಿ ತೂಗುಹಾಕಿದೆ, ಜೊತೆಗೆ ಪೆನ್ನೂ ಕಟ್ಟಿದೆ. ಬಂದವರು ನಾಲ್ಕು ಸಾಲು ಬರೆಯಬೇಕು: ಶುಗರ್ ಎಷ್ಟು, ಮಾತ್ರೆ ಎಷ್ಟು ಉಳಿದಿವೆ, ಏನು ಉಂಡರು, ಕಾಲು ನೋಡಿದಿರಾ. ಶುಗರ್ ಇದ್ದವರ ಪಾದ ನೋಡಲೇಬೇಕು ಅಂತ ನಾನು ಹಟ ಹಿಡಿದಿದ್ದೆ. ಶನಿವಾರ ಒಬ್ಬರು ಪುಟದ ಫೋಟೋ ಕಳಿಸುತ್ತಾರೆ. ಒಂದು ಪುಟ ಹೀಗಿದೆ:

"ಶುಗರ್ 182. ಗುಳಿಗಿ 9 ಉಳದಾವ. ಅಜ್ಜಾರು ಗೋದಿ ಹುಗ್ಗಿ ತಿಂದಾರ. ಕೇಳಿದ್ರ ಇಲ್ಲಾ ಅಂತಾರ. ಮೀಸ್ಯಾಗ ಬೆಲ್ಲ ಐತಿ. ಕಾಲು ಚೊಲೋ ಅದಾವ."

ಇದನ್ನು ಮುಲಾಂಜೆಯಲ್ಲಿ, ಕರೆಂಟ್ ಹೋದ ಕತ್ತಲೆಯಲ್ಲಿ, ಮೊಬೈಲ್ ಬೆಳಕಲ್ಲಿ ಓದಿ ನಾವಿಬ್ಬರೂ ನಕ್ಕದ್ದು ಎಷ್ಟೋ. ತಿಂಗಳಿಗೆ ಹದಿನೈದು ಸಾವಿರ ಕಳಿಸಿದ್ದರೂ ಈ ನಿದ್ದೆ ಬರುತ್ತಿರಲಿಲ್ಲ.

ಈಗ ದುಡ್ಡಿನ ಮಾತು. ಮಿಜೋರಾಂ ಸಭೆಯ ಹೆಂಗಸರು ನೂರು ವರ್ಷಕ್ಕೂ ಮೇಲಿನಿಂದ ಅಡುಗೆಗೆ ಮೊದಲು ಒಂದು ಹಿಡಿ ಅಕ್ಕಿ ತೆಗೆದಿಡುತ್ತಾರೆ, ಅದರಿಂದಲೇ ಎಷ್ಟೋ ಸೇವಕರನ್ನು ಸಾಕುತ್ತಾರೆ ಅನ್ನುವುದು ನಿಮಗೆ ಗೊತ್ತು. ನಮ್ಮ ಕಡೆ ಅಕ್ಕಿ ಎಲ್ಲಿ? ಹಿಡಿ ಜೋಳ ಅಂತ ಮಾಡಿದೆವು. ಗಿರಣಿಗೆ ಹಾಕಲು ಜೋಳ ಹಸನು ಮಾಡುವಾಗ ದಿನದ ಲೆಕ್ಕಕ್ಕೆ ಒಂದು ಹಿಡಿ ಡಬ್ಬಿಗೆ. ನಲವತ್ತು ಮನೆ ಆಸುಪಾಸು. ತಿಂಗಳಿಗೆ ಅರವತ್ತು ಕಿಲೋ ಬರುತ್ತಿತ್ತು.

ಮೊದಲ ವರ್ಷ ಅದು ಬರೀ ತಲೆನೋವು. ಒಬ್ಬರದು ಮಾಲದಂಡಿ, ಒಬ್ಬರದು ಹೈಬ್ರಿಡ್, ಒಬ್ಬರದು ರೇಷನ್ನಿನದು. ಕಲಸಿದ ಜೋಳವನ್ನು ಎಪಿಎಂಸಿಗೆ ಒಯ್ದರೆ ದಲಾಲರು ಮೂಗು ಮುರಿಯುತ್ತಾರೆ. ಒಂದು ಮಳೆಗಾಲ ಚೀಲದ ತುಂಬ ನುಸಿ. ಎಲ್ಲ ಮಾರಿ ತಿಂಗಳಿಗೆ ಎರಡೂವರೆ ಸಾವಿರ ಕಂಡರೆ ಹೆಚ್ಚು. ಮೀಸೆಯವರಿಗೆ ಆಗ ಬಹಳ ಖುಷಿ.

ದಾರಿ ತೋರಿಸಿದವರು ನಮ್ಮ ಸ್ತ್ರೀ ಸಂಘದ ಅಜ್ಜಿಯೊಬ್ಬರು. "ಜ್ವಾಳ ಯಾಕ ಮಾರ್ತೀರಿ, ರೊಟ್ಟಿ ಮಾರ್ರಿ" ಅಂದರು. ಕಿಲೋ ಹಿಟ್ಟಿಗೆ ತೆಳ್ಳಗಿನ ಕಟಕ ರೊಟ್ಟಿ ಹದಿನೆಂಟು, ಇಪ್ಪತ್ತು ಬರುತ್ತವೆ. ಕಲಸು ಜೋಳ ಅಂತ ರೊಟ್ಟಿಯಲ್ಲಿ ಯಾರು ಕೇಳುತ್ತಾರೆ? ಹಿಟ್ಟಿಗೆ ಜಿಗಿ ಇದ್ದರೆ ಸಾಕು. ಹೈಬ್ರಿಡ್ ಜಾಸ್ತಿಯಾದ ತಿಂಗಳು ಏನು ಸೇರಿಸಿ ಜಿಗಿ ತರುತ್ತೇವೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲಾರೆ, ಅದು ಅಜ್ಜಿಯ ಸ್ವತ್ತು. ನುಸಿಗೆ ಬೇವಿನ ಎಲೆ ಎಲ್ಲರೂ ಹಾಕುತ್ತಾರೆ. ನಾವು ಬೇವಿನ ಜೊತೆ ಇನ್ನೊಂದು ಹಾಕುತ್ತೇವೆ, ಅದೂ ಗುಟ್ಟೇ. ರೊಟ್ಟಿ ಆರು ರೂಪಾಯಿಗೆ ಒಂದರಂತೆ ಹುಬ್ಬಳ್ಳಿಯ ಎರಡು ಖಾನಾವಳಿಗೆ, ಮದುವೆ ಮನೆಗಳಿಗೆ ಹೋಗುತ್ತವೆ. ತಟ್ಟಿದವರಿಗೆ ರೊಟ್ಟಿಗೆ ಎರಡು ರೂಪಾಯಿ ಕೂಲಿ ಕೊಡುತ್ತೇವೆ. ದೇವರ ಕೆಲಸ, ಪುಕ್ಕಟೆ ತಟ್ಟಲಿ ಅಂತ ಕಮಿಟಿಯಲ್ಲಿ ಮಾತು ಬಂತು. ಬಡವರ ಬೆನ್ನು ಮುರಿದು ಮಿಷನ್ ನಡೆಸುವುದು ಬೇಡ ಅಂತ ನಾನು ಜಗಳವಾಡಿದೆ. ಕೂಲಿ, ಕಟ್ಟಿಗೆ ಎಲ್ಲ ಕಳೆದು ನಾಲ್ಕು ಸಾವಿರದ ಹತ್ತಿರ ಉಳಿಯುತ್ತದೆ. ಸುಗ್ಗಿ ಕಾಣಿಕೆಯ ಹರಾಜಿನಲ್ಲಿ ಬಂದದ್ದನ್ನು ವರ್ಷಕ್ಕೊಮ್ಮೆ ಇದಕ್ಕೇ ಸೇರಿಸುತ್ತಾರೆ. ಮಾತ್ರೆ, ಲ್ಯಾಬು, ಎಲ್‌ಐಸಿ, ಹಾಸ್ಟೆಲ್ ಫೀಸಿನ ಒಂದು ಪಾಲು, ಎಲ್ಲ ಅದರಲ್ಲೇ. ಮನೆಯ ಮಾಳಿಗೆ ಇನ್ನೂ ಸೋರುತ್ತದೆ, ಅದಕ್ಕೆ ಸಾಲುವುದಿಲ್ಲ.

ಎದುರು ಮನೆಯ ಲಿಂಗಾಯತ ಅವ್ವ ಕೂಡ ಡಬ್ಬಿ ಕೇಳಿ ಒಯ್ದಿದ್ದಾಳೆ. "ನಿಮ್ಮ ಮಾವಾರಿಗಾಗಿ ಹಾಕ್ತೀನಿ, ನಿಮ್ಮ ಯೇಸುಸ್ವಾಮಿಗಲ್ಲ" ಅನ್ನುತ್ತಾಳೆ. ತುಂಬಿದ ಡಬ್ಬಿ ಎಲ್ಲರಿಗಿಂತ ಮೊದಲು ಅವಳದೇ ಬರುತ್ತದೆ.

ಇದೇನೂ ಹೊಸದಲ್ಲ ಅಂತ ಆಮೇಲೆ ಗೊತ್ತಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರಲ್ಲ, ಅವರ ಖರ್ಚಿಗೆ ಆಮೇಲಿನ ವರ್ಷಗಳಲ್ಲಿ ಅಲ್ಲಿಯ ಬಡವರು ವಾರಕ್ಕೆ ಅರ್ಧ ಬಾಟ್ಸೆನ್ ಅನ್ನುವ ಚಿಲ್ಲರೆ ಕಾಸು ಹಾಕುತ್ತಿದ್ದರಂತೆ. ಅವರ ಕಾಸಿಗೆ ನಮ್ಮ ಹಿಡಿ ಜೋಳ ಕಡಿಮೆಯೇನಲ್ಲ.

ಆದರೆ ಮಕ್ಕಳ ವಿಷಯದಲ್ಲಿ ಅವರ ದಾರಿ ನನಗೆ ಆಗಲಿಲ್ಲ. ಅವರ ನಿಯಮದ ಪ್ರಕಾರ ಮಕ್ಕಳನ್ನು ಆರೇಳು ವರ್ಷಕ್ಕೇ ಬಾಸೆಲ್‌ಗೆ ಕಳಿಸಬೇಕಿತ್ತು, ಅಲ್ಲಿ ಅದಕ್ಕಾಗಿಯೇ ಒಂದು ಮಕ್ಕಳ ಮನೆ ಇತ್ತು. ಇಲ್ಲಿ ತಾಯಿ, ಅಲ್ಲಿ ಮಗು, ಕಾಗದ ತಲುಪಲು ತಿಂಗಳುಗಟ್ಟಲೆ. ಎಷ್ಟೋ ಮಕ್ಕಳು ದೊಡ್ಡವರಾದ ಮೇಲೆ ತಂದೆತಾಯಿಯ ಗುರುತು ಹಿಡಿಯಲಿಲ್ಲ. ನಮ್ಮ ಮಗಳನ್ನು ಸಭೆಯ ಮನೆಗಳಲ್ಲಿ ತಿಂಗಳಿಗೊಂದರಂತೆ ಇಡುವುದು ಅಂತ ಮೊದಲು ಸರದಿ ಮಾಡಿದ್ದೆವು. ಎರಡನೇ ಮನೆಗೇ ಅವಳು ಚೀಲ ಎಸೆದು, "ನಾ ಏನ್ ಪಾರ್ಸಲ್ಲೇನು?" ಅಂದಳು. ಅಲ್ಲಿಗೆ ಅದು ಮುಗಿಯಿತು. ಈಗ ಧಾರವಾಡದ ಹಾಸ್ಟೆಲ್ಲು, ಶನಿವಾರ ಭಾನುವಾರ ಸೋದರತ್ತೆಯ ಮನೆ. ಒಂದೇ ಮನೆ, ಒಂದೇ ಹಾಸಿಗೆ, ಗೋಡೆಗೆ ಅವಳದೇ ಕಪಾಟು. ಮಾತ್ರೆ ತರುವವರು ಬದಲಾಗಬಹುದು, ಮಗು ಮಲಗುವ ಜಾಗ ಬದಲಾಗಬಾರದು.

ಮಲಾವಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ತಾಸು ಹಿಂದೆ. ಭಾನುವಾರ ಅಲ್ಲಿ ಸಂಜೆ ಐದು ಅಂದರೆ ಇಲ್ಲಿ ರಾತ್ರಿ ಎಂಟೂವರೆ. ಆ ಹೊತ್ತಿಗೆ ಮಗಳು, ಮಾವನವರು, ನಾವು ಫೋನಲ್ಲೇ ಕೂಡಿ ಪ್ರಾರ್ಥನೆ ಮಾಡುತ್ತೇವೆ. ಮಾವನವರ ಪ್ರಾರ್ಥನೆ ಉದ್ದ. ಡೇಟಾ ಮುಗಿದು ನಡುವೆ ಕಟ್ಟಾಗುತ್ತದೆ. ಮುಂದಿನ ವಾರ ಅವರು ಅಲ್ಲಿಂದಲೇ ಮುಂದುವರಿಸುತ್ತಾರೆ.

ಅಲ್ಲಿಯ ದುಡಿಮೆ ಬಗ್ಗೆಯೂ ಹೇಳಬೇಕು. ನನಗೆ ಆಸ್ಪತ್ರೆಯ ಸಂಬಳ, ಕ್ವಾಚಾದಲ್ಲಿ. ಇರಲು ಇಟ್ಟಂಗಿ ಗೋಡೆ, ತಗಡಿನ ಮಾಡಿನ ಮನೆ. ಮೊದಲ ಸಲ ನಮ್ಮ ಒಂದು ರೂಪಾಯಿಗೆ ಹತ್ತು ಹನ್ನೊಂದು ಕ್ವಾಚಾ ಇತ್ತು. 2023ರ ನವೆಂಬರಿನಲ್ಲಿ ಅಲ್ಲಿಯ ರಿಸರ್ವ್ ಬ್ಯಾಂಕ್ ಒಂದೇ ದಿನ ನೂರಕ್ಕೆ ನಲವತ್ನಾಲ್ಕು ಬೆಲೆ ಇಳಿಸಿದ ಮೇಲೆ ರೂಪಾಯಿಗೆ ಇಪ್ಪತ್ತಾಯಿತು. ಐವತ್ತು ಕಿಲೋ ಗೋವಿನಜೋಳದ ಚೀಲ ನಲವತ್ತು ಸಾವಿರ ಕ್ವಾಚಾ ದಾಟಿತ್ತು ಅಂತ ನೆನಪು. ಸಂಬಳ ಹಾಗೇ ಇತ್ತು. ಜನವರಿಯಿಂದ ಮಾರ್ಚ್‌ವರೆಗೆ, ಹೊಸ ಬೆಳೆ ಬರುವ ಮುಂಚೆ, ಅಲ್ಲಿಯವರಿಗೆ ಹಸಿವಿನ ಕಾಲ. ಅದೇ ಹೊತ್ತಿಗೆ ಮಲೇರಿಯಾ. ವಾರ್ಡಿನಲ್ಲಿ ಒಂದು ಮಂಚಕ್ಕೆ ಎರಡು ಮಕ್ಕಳು, ಕೆಳಗೆ ತಾಯಂದಿರು. ನಾವು ಒಳಗೆ ಕೂತು ಎರಡು ಪಲ್ಯ ಮಾಡಿಕೊಂಡು ತಿನ್ನಲು ಮನಸ್ಸು ಬರುವುದಿಲ್ಲ. ಅವರ ಹಾಗೇ ಗೋವಿನಜೋಳದ ಸಿಮಾ ಮುದ್ದೆ, ಜೊತೆಗೆ ಶೇಂಗಾ ಪುಡಿ ಹಾಕಿ ಬೇಯಿಸಿದ ಕುಂಬಳದ ಎಲೆ. ಅದು ಮಾತ್ರ ನಮ್ಮ ಕಡೆಯ ಪಲ್ಯವೇ, ಒಗ್ಗರಣೆ ಒಂದಿಲ್ಲ ಅಷ್ಟೇ.

ಇವರದು ಬೋರಿನ ಕೈಪಂಪು ರಿಪೇರಿ. ಅಲ್ಲಿ ಊರೂರಿಗೆ ಅಫ್ರಿಡೆವ್ ಪಂಪು. ನಮ್ಮ ಇಂಡಿಯಾ ಮಾರ್ಕ್ 2 ಬಲ್ಲವರಿಗೆ ಅದು ಆಟದ ಸಾಮಾನು. ರಾಡುಗಳು ಕೊಕ್ಕೆಯಿಂದ ಕೂಡುತ್ತವೆ, ಒಂದು ಸ್ಪ್ಯಾನರ್ ಇದ್ದರೆ ಬಿಚ್ಚಬಹುದು. ಹಾಳಾಗುವುದು ಯು-ಸೀಲ್ ಅನ್ನುವ ರಬ್ಬರ್ ಬಳೆ, ಕವಾಟದ ಬಾಬಿನ್. ಬಿಡಿಭಾಗ ಸಿಗದ ತಿಂಗಳಲ್ಲಿ ಯು-ಸೀಲಿನ ಆಯುಷ್ಯ ಹೆಚ್ಚಿಸಲು ಇವರು ಏನೋ ಮಾಡುತ್ತಾರೆ. ನನಗೇ ಹೇಳಿಲ್ಲ, ನಿಮಗೆಲ್ಲಿಂದ ಹೇಳಲಿ! ಮೊದಲು ಪುಕ್ಕಟೆ ಮಾಡುತ್ತಿದ್ದರು. ತಿಂಗಳೊಳಗೆ ಅದೇ ಪಂಪು ಮತ್ತೆ ಕೆಟ್ಟು ಕೂರುತ್ತಿತ್ತು. ಕೂಲಿ ಇಟ್ಟ ಮೇಲೆ ನೀರಿನ ಕಮಿಟಿಯವರೇ ಜೋಪಾನ ಮಾಡತೊಡಗಿದರು. ಸೇವೆಗೆ ಬಂದವರು ಕೂಲಿ ಕೇಳುತ್ತಾರೆ ಅಂತ ಒಂದಿಷ್ಟು ಗುಸುಗುಸು ಆಯಿತು. ಸುಗ್ಗಿಯಲ್ಲಿ ಅವರೇ ಚೀಲ ಹೊತ್ತು ತಂದರು, ದುಡ್ಡಿನ ಬದಲು ಗೋವಿನಜೋಳ. ಒಂದು ಎಚ್ಚರ: ನಿಮ್ಮ ಪರ್ಮಿಟ್ ಆಸ್ಪತ್ರೆಯದಾದರೆ ಹೊರಗಿನ ಕೆಲಸ ನಿಮ್ಮ ಹೆಸರಲ್ಲಿ ಮಾಡಬೇಡಿ. ಎಲ್ಲ ಆಸ್ಪತ್ರೆಯ ವರ್ಕ್‌ಶಾಪ್ ರಸೀದಿಯಲ್ಲೇ ಹೋಗಲಿ, ಅವರು ನಿಮಗೆ ಸಂಬಳವಾಗಿ ಕೊಡಲಿ.

ನಡುವೆ ಎರಡು ವ್ಯಾಪಾರವನ್ನೂ ಮಾಡಿ ನೋಡಿದೆ. ಬ್ಯಾಡಗಿ ಮೆಣಸಿನಪುಡಿ ಆರೇಳು ಕಿಲೋ ಒಯ್ದೆ. ಲಿಂಬೆ ಅನ್ನುವ ಪಟ್ಟಣದ ಗುಜರಾತಿ ಅಂಗಡಿಯವರು ಬಣ್ಣ ನೋಡಿ ಎರಡು ದಿನದಲ್ಲಿ ಖಾಲಿ ಮಾಡಿದರು. ಆಸ್ಪತ್ರೆಯ ನರ್ಸುಗಳಿಗೆ ಕೊಟ್ಟರೆ ನಕ್ಕರು. ಅವರದು ಕಂಬೂಝಿ, ಸಣ್ಣ ಗುಂಡು ಮೆಣಸಿನಕಾಯಿ, ಒಂದು ಕಚ್ಚಿದರೆ ಕಿವಿಯಲ್ಲಿ ಹೊಗೆ. "ಇದು ಬಣ್ಣದ ಪುಡಿ" ಅಂದರು.

ಇನ್ನೊಂದು ತೊಗರಿ. ಮುಲಾಂಜೆ ಸುತ್ತ ತೊಗರಿ ದಂಡಿಯಾಗಿ ಬೆಳೆಯುತ್ತದೆ. ವರ್ಷಕ್ಕೆ 50 ಸಾವಿರ ಟನ್ ಕೊಳ್ಳುವ ಒಪ್ಪಂದವನ್ನೇ ಭಾರತ ಮಲಾವಿಯ ಜೊತೆ ಮಾಡಿಕೊಂಡಿತ್ತು. ಗದಗಿನ ಕಿರಾಣಿ ಅಂಗಡಿಯ ಬೇಳೆಯಲ್ಲಿ ನಮ್ಮ ಪಕ್ಕದ ಹೊಲದ್ದೂ ಇರಬಹುದು. ಅಲ್ಲಿಯವರು ಕಾಳನ್ನೇ ಬೇಯಿಸಿ ತಿನ್ನುತ್ತಾರೆ, ಬೇಳೆ ಮಾಡುವುದಿಲ್ಲ. ನಾನು ನಮ್ಮಜ್ಜಿಯ ಹಾಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಒಡೆಯಲು ಹೋದೆ. ಬೀಸುಕಲ್ಲು ಎಲ್ಲಿಂದ ಬರಬೇಕು? ಗೋವಿನಜೋಳದ ಮಿಲ್ಲಿಗೆ ಹಾಕಿದರೆ ಬೇಳೆಯ ಬದಲು ಕೆಂಪು ಹಿಟ್ಟು ಬಂತು. ಇವರು ವೆಲ್ಡಿಂಗ್ ಮಾಡಿ ಒಂದು ಕೈಯಂತ್ರ ತಯಾರು ಮಾಡಿದ್ದಾರೆ. ಅರ್ಧ ಒಡೆಯುತ್ತದೆ, ಅರ್ಧ ನುಚ್ಚು. ಕೆಲಸ ನಡೆದಿದೆ.

ಪದ್ಧತಿ ಗೆದ್ದಿತು ಅಂತ ನಮಗೆ ಗೊತ್ತಾದದ್ದು 2023ರ ಮಾರ್ಚಿನಲ್ಲಿ. ಫ್ರೆಡ್ಡಿ ಚಂಡಮಾರುತ. ಬೆಟ್ಟದ ಕಲ್ಲು, ಮಣ್ಣು, ನೀರು ಎಲ್ಲ ಒಟ್ಟಿಗೆ ಇಳಿದು ಊರುಗಳೇ ಹೋದವು. ದೇಶದಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತರು, ಇನ್ನೆಷ್ಟೋ ಜನ ಸಿಗಲೇ ಇಲ್ಲ. ರಸ್ತೆ ಕೊಚ್ಚಿಹೋಗಿತ್ತು, ಕರೆಂಟ್ ಇಲ್ಲ, ಫೋನ್ ಇಲ್ಲ. ಕೆಸರಿನಿಂದ ಎತ್ತಿ ತಂದವರ ಗಾಯ ತೊಳೆಯುತ್ತಾ ಹಗಲು ರಾತ್ರಿ ಗೊತ್ತಾಗುತ್ತಿರಲಿಲ್ಲ. ಅಲ್ಲಿಯ ಸ್ತ್ರೀ ಸಂಘ, ಮ್ವಾನೋ ಅನ್ನುತ್ತಾರೆ, ಆ ಹೆಂಗಸರು ತಮ್ಮ ಮನೆ ಹೋಗಿದ್ದರೂ ಆಸ್ಪತ್ರೆಯ ಅಂಗಳದಲ್ಲಿ ದೊಡ್ಡ ಪಾತ್ರೆಯಲ್ಲಿ ಗಂಜಿ ಕಾಯಿಸುತ್ತಿದ್ದರು. ಬೆಳಿಗ್ಗೆ ಹಾಡು, ಪ್ರಾರ್ಥನೆ, ಆಮೇಲೆ ಹೆಣ ಎಣಿಸುವುದು. ನನಗೆ ಹಾಡಲು ಬಾಯಿ ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತವಳು ನನ್ನ ಪಾಲಿನದನ್ನೂ ಜೋರಾಗಿ ಹಾಡುತ್ತಿದ್ದಳು.

ಸುಮಾರು ಹದಿನೈದು ದಿನವಾದ ಮೇಲೆ ನೆಟ್‌ವರ್ಕ್ ಬಂತು. ನೋಟ್‌ಬುಕ್ಕಿನ ಎರಡು ಫೋಟೋ ಒಟ್ಟಿಗೇ ಇಳಿದವು. ಮಾವನವರಿಗೆ ನಿಮೋನಿಯಾ ಆಗಿ ದವಾಖಾನೆಗೆ ಸೇರಿಸಿದ್ದರು. ಐದಾರು ದಿನ ಅಲ್ಲಿದ್ದು ಬಿಡಿಸಿಕೊಂಡು ಬಂದೂ ಆಗಿತ್ತು. ಬಿಲ್ಲು ಇಪ್ಪತ್ತೆಂಟು ಸಾವಿರವೋ ಮೂವತ್ತೋ, ರೊಟ್ಟಿ ಫಂಡಿನಿಂದ ಕಟ್ಟಿದ್ದರು. ರಾತ್ರಿ ಕಾಯಲು ಯಾರು ಯಾರು ಕೂತಿದ್ದರು ಅಂತ ಹೆಸರು ಬರೆದಿತ್ತು. ಎರಡು ರಾತ್ರಿಯ ಮುಂದೆ ಮೀಸೆಯವರ ಹೆಸರು, ಅವರದೇ ಅಕ್ಷರದಲ್ಲಿ. ಕೆಳಗೆ ಒಂದು ಸಾಲು: "ಅಲ್ಲಿ ಮಳಿ ಭಾಳ ಐತಂತ ಟಿವಿಯೊಳಗ ತೋರ್ಸಿದ್ರು. ಅಜ್ಜಾರಿಗೆ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ."

ಮೊದಲ ಸಲವಾಗಿದ್ದರೆ ನಾವು ಆ ಫೋಟೋ ನೋಡಿ ಟಿಕೆಟ್ ತೆಗೆಸುತ್ತಿದ್ದೆವು. ಈ ಸಲ ನಾನು ಓದಿ ಇವರಿಗೆ ಕೊಟ್ಟೆ, ಇವರು ಓದಿ ಜೇಬಿಗೆ ಹಾಕಿಕೊಂಡು ಕೊಚ್ಚಿಹೋದ ಪಂಪುಗಳ ಪಟ್ಟಿ ಹಿಡಿದು ಹೊರಟರು.

ಎಲ್ಲ ಸಭೆಗೂ ಇದು ಹೊಂದುತ್ತದೆ ಅಂತ ಹೇಳುವುದಿಲ್ಲ. ಅಲ್ಲಿ ದುಡಿಯಲು ಕಸುಬಿಲ್ಲದವರು, ಬರೀ ಬೋಧನೆಗೆ ಹೋಗುವವರು, ಕೆಲಸದ ಪರ್ಮಿಟ್ ಕೊಡದ ದೇಶಕ್ಕೆ ಹೋಗುವವರು ಇದನ್ನು ಮಾಡಲಾರರು. ಮನೆಯಲ್ಲಿ ಅಣ್ಣತಮ್ಮಂದಿರು ಆಸ್ತಿಗೆ ಜಗಳವಾಡುತ್ತಿದ್ದರೆ ಸಭೆಯವರನ್ನು ಆ ಮನೆಗೆ ನುಗ್ಗಿಸಬೇಡಿ, ಅದರ ಕಥೆ ಬೇರೆಯೇ ಇದೆ. ನಲವತ್ತು ಡಬ್ಬಿಯಲ್ಲಿ ಒಂದು ಮನೆಯನ್ನು ಸಾಕಬಹುದು, ಎರಡನ್ನಲ್ಲ. ರಾಣೆಬೆನ್ನೂರಿನವರು ಹದಿನೈದು ಡಬ್ಬಿಯಲ್ಲಿ ಶುರು ಮಾಡುತ್ತೇವೆ ಅನ್ನುತ್ತಿದ್ದಾರೆ. ಆಗುವುದಿಲ್ಲ ಅಂತ ಹೇಳಿದ್ದೇನೆ. ಮೂವತ್ತು ಮಾಡಿ, ಮೊದಲು ಮೂರು ತಿಂಗಳು ಹಾನಗಲ್ಲಿನಲ್ಲಿ ಇದ್ದು ನೋಡಿ. ಕೋಣೆಯ ಯಜಮಾನರು ಪರಿಚಯದವರೇ, ಬಾಡಿಗೆ ತಿಂಗಳಿಗೆ ಎರಡು ಸಾವಿರದೊಳಗೆ ಆಗುತ್ತದೆ. ನಾನೇ ಮಾತಾಡಿ ಕೊಡುತ್ತೇನೆ.